ಮುರಕಲ್ಲಿನ ನಾಡಿನಲ್ಲಿ ಶಿಲೆ ಮತ್ತು ಖನಿಜಗಳ ಅಧ್ಯಯನ: ಕಾಸರಗೋಡಿನ ಶಾಲಾ ವಿದ್ಯಾರ್ಥಿಗಳಿಗೊಂದು ಸಮಗ್ರ ಮಾರ್ಗದರ್ಶಿ

ಶಿಲೆಗಳಲ್ಲಿ ಅಗ್ನಿಶಿಲೆ, ಪದರುಶಿಲೆ, ರೂಪಾಂತರ ಶಿಲೆ ಎಂಬ ಮೂರು ವಿಧಗಳಿವೆ ಎಂಬುದನ್ನು ಕನ್ನಡ ಮಾಧ್ಯಮದ ನಮ್ಮ ಮಕ್ಕಳು ತಡಬಡಿಸದೆ ಒಪ್ಪಿಸುತ್ತಾರೆ. ಆದರೆ ಶಾಲೆಯ ಅಂಗಳದಲ್ಲಿ ಬಿದ್ದಿರುವ ಕೆಂಪು ಕಲ್ಲನ್ನು ಎತ್ತಿಕೊಟ್ಟು, ಇದು ಈ ಮೂರರಲ್ಲಿ ಯಾವುದು ಎಂದು ಕೇಳಿದರೆ ಉತ್ತರ ಬರುವುದಿಲ್ಲ. ತಪ್ಪು ಮಕ್ಕಳದ್ದಲ್ಲ. ಮಂಜೇಶ್ವರದಿಂದ ನೀಲೇಶ್ವರದವರೆಗೆ ನಮ್ಮ ಗುಡ್ಡಗಳನ್ನೆಲ್ಲ ಹೊದ್ದುಕೊಂಡಿರುವ ಈ ಕೆಂಪು ಕಲ್ಲು, ಅಂದರೆ ಮುರಕಲ್ಲು, ಆ ಮೂರರ ಪಟ್ಟಿಯಲ್ಲಿ ನೇರವಾಗಿ ಕೂರುವ ಕಲ್ಲೇ ಅಲ್ಲ. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಪಾಠದ ಕ್ರಮವನ್ನು ತಿರುಗಿಸಲಾಗಿದೆ. ವರ್ಗೀಕರಣವನ್ನು ಮೊದಲು ಬಾಯಿಪಾಠ ಮಾಡಿ ಆಮೇಲೆ ಕಲ್ಲು ಹುಡುಕುವ ಬದಲು, ಕೈಗೆ ಸಿಕ್ಕ ಕಲ್ಲಿನಲ್ಲಿರುವ ಖನಿಜಗಳನ್ನು ಪರೀಕ್ಷಿಸುವುದನ್ನು ಮೊದಲು ಕಲಿತು, ಅಲ್ಲಿಂದ ಶಿಲೆಯ ಕಡೆಗೆ, ಕೊನೆಗೆ ಮುರಕಲ್ಲಿನ ಕಡೆಗೆ ಸಾಗುವುದು ಇಲ್ಲಿಯ ದಾರಿ. ಎಂಟನೆಯ ತರಗತಿಯಿಂದ ಮೇಲಿನವರು ಇದನ್ನು ತಾವೇ ಮಾಡಬಹುದು. ಚಿಕ್ಕ ಮಕ್ಕಳ ಜೊತೆಗೆ ಅಧ್ಯಾಪಕರೋ ಮನೆಯವರೋ ಇರಬೇಕು.

ಹಂತ 1: ಬೇಕಾದ ಸಾಮಾನು, ಪಾಲಿಸಬೇಕಾದ ಎಚ್ಚರ

ದುಬಾರಿ ಉಪಕರಣಗಳ ಅಗತ್ಯವಿಲ್ಲ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಒಂದು ಕೈಮಸೂರ, ಹಳೆಯ ಸ್ಪೀಕರಿನಿಂದ ಬಿಚ್ಚಿದ ಅಯಸ್ಕಾಂತ, ಉಕ್ಕಿನ ಮೊಳೆ, ಅಂಚು ಉಜ್ಜಿ ನಯಮಾಡಿದ ಗಾಜಿನ ತುಂಡು, ಒಂದು ದಪ್ಪ ತಾಮ್ರದ ತಂತಿ, ಬಿಳಿ ಟೈಲ್ಸ್‌ನ ಒಂದು ಚೂರು, ಸಣ್ಣ ಬಾಟಲಿಯಲ್ಲಿ ವಿನೆಗರ್ ಅಥವಾ ಲಿಂಬೆರಸ, ಹಳೆಯ ದಿನಪತ್ರಿಕೆ, ಪೆನ್ಸಿಲು ಮತ್ತು ನೋಟು ಪುಸ್ತಕ ಇದ್ದರೆ ಸಾಕು. ಹೊರಗಿನ ಪುಸ್ತಕಗಳಲ್ಲಿ ತಾಮ್ರದ ನಾಣ್ಯದಿಂದ ಗೀರಿ ನೋಡಿ ಎಂದು ಬರೆದಿರುತ್ತಾರೆ. ನಮ್ಮ ಈಗಿನ ನಾಣ್ಯಗಳಲ್ಲಿ ಹೆಚ್ಚಿನವು ಸ್ಟೀಲಿನವು, ತಾಮ್ರಕ್ಕಿಂತ ಗಟ್ಟಿ. ಅದಕ್ಕೇ ವೈರಿಂಗ್ ಮಾಡುವವರ ಬಳಿ ಉಳಿದ ತಂತಿಯ ತುಂಡನ್ನು ಇಲ್ಲಿ ಸೂಚಿಸಿದ್ದೇನೆ. ಟೈಲ್ಸ್‌ನ ನುಣುಪಾದ ಮುಖ ಉಪಯೋಗಕ್ಕೆ ಬಾರದು, ಹಿಂಬದಿಯ ಒರಟು ಮುಖ ಬೇಕು, ಮತ್ತು ಅದು ಬೆಳ್ಳಗಿರಬೇಕು. ಮಾಡಿನ ಮಂಗಳೂರು ಹಂಚಿನ ಚೂರನ್ನು ಬಳಸಿದರೆ ಅದರ ಕೆಂಪು ಪುಡಿಯೇ ಎಲ್ಲ ಕಲ್ಲುಗಳ ಪುಡಿಯಾಗಿ ಕಾಣಿಸುತ್ತದೆ.

ಕಲ್ಲು ಒಡೆಯುವಾಗ ಕಣ್ಣಿಗೆ ಕನ್ನಡಕ ಇರಲೇಬೇಕು, ಕಲ್ಲನ್ನು ದಪ್ಪ ಗೋಣಿಚೀಲದೊಳಗೆ ಇಟ್ಟು ಹೊಡೆಯಬೇಕು. ಮುರಕಲ್ಲು ಕಡಿದು ಬಿಟ್ಟ ಕೋರೆಗಳ ಬಗ್ಗೆ ವಿಶೇಷವಾಗಿ ಹೇಳಬೇಕಾಗಿದೆ. ನೆಟ್ಟಗೆ ಕಡಿದ ಗೋಡೆಗಳ ಆ ಹೊಂಡಗಳಲ್ಲಿ ಮಳೆಗಾಲದ ನೀರು ತಿಂಗಳುಗಟ್ಟಲೆ ನಿಲ್ಲುತ್ತದೆ. ಜಾರಿ ಬಿದ್ದವರು ಹತ್ತಿ ಬರಲು ಮೆಟ್ಟಿಲೂ ಇರುವುದಿಲ್ಲ, ಹಿಡಿಯಲು ಬೇರೂ ಇರುವುದಿಲ್ಲ. ಅಲ್ಲಿಗೆ ದೊಡ್ಡವರಿಲ್ಲದೆ ಹೋಗಲೇಬಾರದು. ಹಾಗೆಯೇ ಗುಡ್ಡದ ಬದಿಯ ನೀರಿನ ಸುರಂಗಗಳೊಳಗೆ ಹೊಕ್ಕು ಕಲ್ಲು ತರುವ ಸಾಹಸ ಬೇಡ, ಒಳಗೆ ಗಾಳಿಯ ಕೊರತೆಯೂ ಕುಸಿತದ ಭಯವೂ ಇರುತ್ತದೆ. ಬೇಕಲ ಕೋಟೆ, ಚಂದ್ರಗಿರಿ ಕೋಟೆಗಳ ಗೋಡೆಗಳು ಮುರಕಲ್ಲಿನವೇ ಆದರೂ ಅವು ನೋಡುವುದಕ್ಕೆ ಮಾತ್ರ. ಮೊಳೆಯಿಂದ ಒಂದು ಗೀರು ಎಳೆಯುವುದೂ ಸಲ್ಲದು. ಖಾಸಗಿ ಜಾಗವಾದರೆ ಯಜಮಾನರನ್ನು ಕೇಳಿಯೇ ಕಲ್ಲು ಎತ್ತಬೇಕು. ಇದಕ್ಕೆಲ್ಲ ಸೂಕ್ತ ಕಾಲವೆಂದರೆ ದೀಪಾವಳಿ ಕಳೆದ ಮೇಲಿನ ದಿನಗಳು: ಆಗ ಹೊಳೆಯ ನೀರು ಇಳಿದಿರುತ್ತದೆ, ಕಲ್ಲಿನ ಮೇಲಿನ ಪಾಚಿ ಒಣಗಿರುತ್ತದೆ.

ಹಂತ 2: ಖನಿಜ ಯಾವುದು, ಶಿಲೆ ಯಾವುದು ಎಂದು ಕಣ್ಣಾರೆ ಕಾಣುವುದು

ಖನಿಜವೆಂದರೆ ನಿಸರ್ಗದಲ್ಲಿ ತಾನಾಗಿ ರೂಪುಗೊಂಡ, ನಿರವಯವವಾದ, ಘನ ಸ್ಥಿತಿಯಲ್ಲಿರುವ, ನಿರ್ದಿಷ್ಟ ರಾಸಾಯನಿಕ ಸಂಯೋಜನೆಯುಳ್ಳ, ಒಳಗೆ ಪರಮಾಣುಗಳು ಕ್ರಮಬದ್ಧವಾಗಿ ಜೋಡಣೆಗೊಂಡಿರುವ ವಸ್ತು. ಈ ಐದು ಲಕ್ಷಣಗಳಲ್ಲಿ ಒಂದು ತಪ್ಪಿದರೂ ಅದು ಖನಿಜವಲ್ಲ. ಕಲ್ಲಿದ್ದಲು ಸಸ್ಯಗಳಿಂದ ಬಂದುದಾದ್ದರಿಂದ ಖನಿಜದ ಲಕ್ಷಣಕ್ಕೆ ಹೊಂದುವುದಿಲ್ಲ. ಗಾಜಿನಲ್ಲಿ ಪರಮಾಣುಗಳ ಕ್ರಮವಿಲ್ಲದ ಕಾರಣ ಅದೂ ಹೊರಗೆ. ಅಡುಗೆಮನೆಯ ಕಲ್ಲುಪ್ಪು ಮಾತ್ರ ನೈಸರ್ಗಿಕವಾಗಿ ಸಿಕ್ಕಲ್ಲಿ ಅಪ್ಪಟ ಖನಿಜ. ಅದರ ಹರಳನ್ನು ಮಸೂರದಡಿ ಇಟ್ಟರೆ ಘನಾಕೃತಿಯ ಮೂಲೆಗಳು ಸ್ಪಷ್ಟವಾಗಿ ಕಾಣುತ್ತವೆ. ಇಂದು ವಿಜ್ಞಾನಿಗಳು ಗುರುತಿಸಿರುವ ಖನಿಜಗಳ ಸಂಖ್ಯೆ ಆರು ಸಾವಿರದ ಆಸುಪಾಸಿನಲ್ಲಿದೆ, ಆದರೆ ನಾವು ತುಳಿಯುವ ಕಲ್ಲುಗಳ ಬಹುಪಾಲು ಹತ್ತು ಹನ್ನೆರಡು ಖನಿಜಗಳಿಂದಲೇ ಆಗಿದೆ. ಕಾರಣ ಸರಳ: ಭೂಮಿಯ ಹೊರಪದರದ ತೂಕದಲ್ಲಿ ಶೇಕಡಾ 46ಕ್ಕೂ ಹೆಚ್ಚು ಆಮ್ಲಜನಕ, ಸುಮಾರು 28 ಸಿಲಿಕಾನ್, 8 ಅಲ್ಯೂಮಿನಿಯಂ, 5 ಕಬ್ಬಿಣ, ಉಳಿದವುಗಳಲ್ಲಿ ಕ್ಯಾಲ್ಸಿಯಂ, ಸೋಡಿಯಂ, ಪೊಟಾಸಿಯಂ, ಮೆಗ್ನೀಸಿಯಂಗಳದೇ ಮೇಲುಗೈ. ಆಮ್ಲಜನಕವನ್ನು ನಾವು ಗಾಳಿಯಲ್ಲಿ ಹುಡುಕುತ್ತೇವೆ, ಆದರೆ ಅದರ ದೊಡ್ಡ ದಾಸ್ತಾನು ಇರುವುದು ಕಲ್ಲಿನಲ್ಲಿ.

ಒಂದು ಅಥವಾ ಹಲವು ಖನಿಜಗಳು ಒಟ್ಟುಗೂಡಿ ಆದುದು ಶಿಲೆ. ಇದನ್ನು ಕಾಣಲು ಮನೆ ಕಟ್ಟುವಲ್ಲಿ ರಾಶಿ ಹಾಕಿರುವ ಜಲ್ಲಿಗಿಂತ ಒಳ್ಳೆಯ ಮಾದರಿ ಇಲ್ಲ, ಏಕೆಂದರೆ ಅದರ ಪ್ರತಿಯೊಂದು ಮುಖವೂ ಹೊಸದಾಗಿ ಒಡೆದುದು. ಬಯಲಲ್ಲಿ ಬಿದ್ದ ಕಲ್ಲಿನ ಮೈ ಮಳೆ ಬಿಸಿಲಿಗೆ ಬಣ್ಣಗೆಟ್ಟಿರುತ್ತದೆ. ಜಲ್ಲಿಯ ಒಂದು ತುಂಡನ್ನು ತೊಳೆದು, ಬೆಳಗಿನ ಬಿಸಿಲಿಗೆ ಹಿಡಿದು, ಬೆರಳುಗಳ ನಡುವೆ ನಿಧಾನವಾಗಿ ತಿರುಗಿಸಿರಿ. ಒಂದು ಕೋನದಲ್ಲಿ ಕೆಲವು ಕಣಗಳು ಕನ್ನಡಿಯ ಚೂರಿನ ಹಾಗೆ ಫಕ್ಕನೆ ಮಿಂಚಿ ಮರೆಯಾಗುತ್ತವೆ. ಅವು ಬಿಳಿ, ಬೂದು ಅಥವಾ ನಸುಗೆಂಪಿನ ಫೆಲ್ಡ್‌ಸ್ಪಾರ್. ಅವುಗಳ ಎಡೆಯಲ್ಲಿ ಎಷ್ಟು ತಿರುಗಿಸಿದರೂ ಹಾಗೆ ಮಿಂಚದ, ಗಾಜಿನಂತೆ ಜಿಡ್ಡು ಹೊಳಪಿನ ಬೂದು ಕಣಗಳು ಬೆಣಚು, ಅಂದರೆ ಕ್ವಾರ್ಟ್ಜ್. ಗುಂಡುಸೂಜಿಯ ತುದಿಯಿಂದ ಮೀಟಿದಾಗ ತೆಳ್ಳನೆಯ ಹಾಳೆಯಾಗಿ ಏಳುವ ಕಪ್ಪು ಚಿಕ್ಕಿ ಅಭ್ರಕ. ಹಳ್ಳಿಗರು ಕಾಗೆಬಂಗಾರ ಎನ್ನುವುದು ಇದನ್ನೇ. ಹಾಳೆಯಾಗಿ ಏಳದೆ ಕಡ್ಡಿಯಂತೆ ಒಡೆಯುವ ಕಪ್ಪು ಕಣ ಹಾರ್ನ್‌ಬ್ಲೆಂಡ್ ಆಗಿರಬಹುದು. ಒಂದೇ ತುಂಡಿನಲ್ಲಿ ಇಷ್ಟನ್ನು ಬೇರೆಬೇರೆಯಾಗಿ ಗುರುತಿಸಿದವರಿಗೆ ಶಿಲೆಗೂ ಖನಿಜಕ್ಕೂ ಇರುವ ವ್ಯತ್ಯಾಸವನ್ನು ಮತ್ತೆ ವಿವರಿಸಬೇಕಾಗಿಲ್ಲ.

ಹಂತ 3: ಖನಿಜದ ಪರೀಕ್ಷೆಗಳು

ಹೊಸಬರು ಮೊದಲು ನೋಡುವುದು ಬಣ್ಣವನ್ನು, ಆದರೆ ಅತಿ ಕಡಿಮೆ ನಂಬಬೇಕಾದದ್ದೂ ಅದನ್ನೇ. ಬೆಣಚೊಂದೇ ಬಿಳಿ, ಬೂದು, ಗುಲಾಬಿ, ನೇರಳೆ, ಕಪ್ಪು ಹೀಗೆ ಹಲವು ಬಣ್ಣಗಳಲ್ಲಿ ಸಿಗುತ್ತದೆ. ಒಳಸೇರಿದ ಅತ್ಯಲ್ಪ ಕಲ್ಮಶ ಅದರ ಬಣ್ಣವನ್ನು ಬದಲಿಸಿಬಿಡುತ್ತದೆ. ಆದ್ದರಿಂದ ಬಣ್ಣವನ್ನು ಬರೆದಿಟ್ಟುಕೊಳ್ಳಿ, ಆದರೆ ತೀರ್ಪನ್ನು ಅದರ ಮೇಲೆ ನಿಲ್ಲಿಸಬೇಡಿ.

ಪುಡಿಯ ಬಣ್ಣ ಹಾಗಲ್ಲ. ಖನಿಜವನ್ನು ಟೈಲ್ಸ್‌ನ ಒರಟು ಬೆನ್ನಿಗೆ ಒತ್ತಿ ಎಳೆದಾಗ ಮೂಡುವ ಗೆರೆ ಸಾಮಾನ್ಯವಾಗಿ ಸುಳ್ಳು ಹೇಳುವುದಿಲ್ಲ. ಕಪ್ಪಾಗಿ ಕಾಣುವ ಹೆಮಟೈಟ್ ಎಂಬ ಕಬ್ಬಿಣದ ಅದಿರು ಕೆಂಪುಕಂದು ಗೆರೆ ಬಿಡುತ್ತದೆ, ಅಷ್ಟೇ ಕಪ್ಪಗಿರುವ ಮ್ಯಾಗ್ನಟೈಟ್ ಕಪ್ಪು ಗೆರೆಯನ್ನೇ ಬಿಡುತ್ತದೆ, ಗೋಥೈಟ್ ಹಳದಿಕಂದು ಗೆರೆ ಎಳೆಯುತ್ತದೆ. ಈ ಪರೀಕ್ಷೆಯನ್ನು ಮುರಕಲ್ಲಿನ ಮೇಲೆ ಮಾಡಿ ನೋಡುವುದು ತುಂಬ ಉಪಯುಕ್ತ. ಒಂದೇ ತುಂಡಿನ ಗಾಢ ಕೆಂಪು ಭಾಗವನ್ನು ಒಮ್ಮೆ, ಹಳದಿ ಭಾಗವನ್ನು ಇನ್ನೊಮ್ಮೆ ಉಜ್ಜಿದರೆ ಟೈಲ್ಸ್‌ನ ಮೇಲೆ ಎರಡು ಬೇರೆ ಬಣ್ಣದ ಗೆರೆಗಳು ಪಕ್ಕಪಕ್ಕದಲ್ಲಿ ಮೂಡುತ್ತವೆ: ಕೆಂಪಿಗೆ ಮುಖ್ಯ ಕಾರಣ ಹೆಮಟೈಟ್, ಹಳದಿಗೆ ಗೋಥೈಟ್. ಇನ್ನು, ಬೆಣಚಿನಂಥ ಗಟ್ಟಿ ಖನಿಜ ಗೆರೆ ಬಿಡುವ ಬದಲು ಟೈಲ್ಸನ್ನೇ ಗೀರುತ್ತದೆ. ಆಗ ಬೀಳುವ ಬಿಳಿ ಪುಡಿ ಟೈಲ್ಸ್‌ನದೇ ಹೊರತು ಖನಿಜದ್ದಲ್ಲ.

ಗಡಸುತನವನ್ನು ಅಳೆಯಲು ಜರ್ಮನಿಯ ಫ್ರೀಡ್ರಿಕ್ ಮೋಸ್ 1812ರಲ್ಲಿ ರೂಪಿಸಿದ ಮಾಪಕವೇ ಇಂದಿಗೂ ಬಳಕೆಯಲ್ಲಿದೆ. ಅತಿ ಮೆತ್ತಗಿನ ಟಾಲ್ಕ್ 1. ಬಳಪದ ಕಲ್ಲಿನ ನುಣುಪಿಗೆ ಇದೇ ಕಾರಣ. ಮುಂದೆ ಕ್ರಮವಾಗಿ ಜಿಪ್ಸಂ 2, ಕ್ಯಾಲ್ಸೈಟ್ 3, ಫ್ಲೋರೈಟ್ 4, ಅಪಟೈಟ್ 5, ಫೆಲ್ಡ್‌ಸ್ಪಾರ್ 6, ಬೆಣಚು 7, ಪುಷ್ಯರಾಗ 8, ಕುರುಂದ 9, ವಜ್ರ 10. ಇವು ಕೇವಲ ಸರದಿಯ ಸಂಖ್ಯೆಗಳು. ವಜ್ರವು ಫೆಲ್ಡ್‌ಸ್ಪಾರಿಗಿಂತ ಹತ್ತಕ್ಕೆ ಆರರ ಪ್ರಮಾಣದಲ್ಲಿ ಗಟ್ಟಿ ಎಂದು ಲೆಕ್ಕ ಹಾಕಬಾರದು. ನಿಮ್ಮ ಉಗುರಿನ ಗಡಸುತನ ಸುಮಾರು 2.5, ತಾಮ್ರದ ತಂತಿ 3ರ ಆಸುಪಾಸು, ಗಾಜು 5.5, ಉಕ್ಕಿನ ಮೊಳೆ ಗಾಜಿನ ಸಮೀಪ ಅಥವಾ ತುಸು ಹೆಚ್ಚು. ಉಗುರಿನಿಂದ ಆರಂಭಿಸಿ ಒಂದೊಂದಾಗಿ ಮೇಲೇರಬೇಕು. ಗೀರಿದ ಮೇಲೆ ಒದ್ದೆ ಬೆರಳಿನಿಂದ ಒರೆಸುವುದನ್ನು ಮರೆಯಬಾರದು. ಒರೆಸಿದಾಗ ಮಾಯವಾದರೆ ಅದು ಗೀರಲ್ಲ, ಗೀರಲು ಹೋದ ವಸ್ತುವಿನ ಪುಡಿ ಅಂಟಿದ್ದು. ಉಗುರಿಗೆ ತಡೆಯುವ ತೋಡು ಉಳಿದರೆ ಮಾತ್ರ ಗೀರು. ಗಾಜನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಇಟ್ಟು ಗೀರಬೇಕು, ಕೈಯಲ್ಲಿ ಹಿಡಿದಲ್ಲ.

ಒಡೆಯುವ ರೀತಿ ಇನ್ನೊಂದು ಒಳ್ಳೆಯ ಗುರುತು. ಕೆಲವು ಖನಿಜಗಳು ನಿರ್ದಿಷ್ಟ ದಿಕ್ಕುಗಳಲ್ಲಿ ನಯವಾಗಿ ಸೀಳುತ್ತವೆ: ಅಭ್ರಕ ಒಂದೇ ದಿಕ್ಕಿನಲ್ಲಿ ಹಾಳೆಹಾಳೆಯಾಗಿ, ಫೆಲ್ಡ್‌ಸ್ಪಾರ್ ಹೆಚ್ಚುಕಡಿಮೆ ಲಂಬವಾಗಿ ಸಂಧಿಸುವ ಎರಡು ದಿಕ್ಕುಗಳಲ್ಲಿ, ಕ್ಯಾಲ್ಸೈಟ್ ಓರೆಯಾಗಿ ಸಂಧಿಸುವ ಮೂರು ದಿಕ್ಕುಗಳಲ್ಲಿ. ಬೆಣಚಿಗೆ ಇಂಥ ಸೀಳು ಇಲ್ಲ. ದಪ್ಪ ಬಾಟಲಿಯ ತಳ ಒಡೆದಾಗ ಮೂಡುವಂಥ ಬಾಗಿದ ಮೈ ಅದರಲ್ಲಿ ಮೂಡುತ್ತದೆ. ಜಲ್ಲಿಯನ್ನು ಬಿಸಿಲಿಗೆ ಹಿಡಿದಾಗ ಫೆಲ್ಡ್‌ಸ್ಪಾರ್ ಮಿಂಚಿ ಬೆಣಚು ಮಿಂಚದೆ ಇದ್ದುದಕ್ಕೆ ಇದೇ ಕಾರಣ.

ಆಮ್ಲ ಪರೀಕ್ಷೆಗೆ ವಿನೆಗರ್ ಸಾಕು, ಶೌಚಾಲಯ ತೊಳೆಯುವ ಆಸಿಡ್ ಮುಟ್ಟುವುದೇ ಬೇಡ. ಕ್ಯಾಲ್ಸೈಟ್ ಇರುವ ಕಲ್ಲನ್ನು ಮೊಳೆಯಿಂದ ಕೆರೆದು ಆ ಪುಡಿಯ ಮೇಲೆ ಒಂದು ಹನಿ ಬಿಟ್ಟರೆ ಇಂಗಾಲದ ಡೈಆಕ್ಸೈಡ್ ಗುಳ್ಳೆಗಳು ಏಳುತ್ತವೆ. ಕಾಸರಗೋಡಿನ ಗುಡ್ಡಗಳಲ್ಲಿ ಸುಣ್ಣಕಲ್ಲನ್ನು ಹುಡುಕಿ ದಣಿಯುವುದು ಬೇಡ. ಹಳೆಯ ಮನೆಗಳ ಗೋಡೆಗೂ ಎಲೆಯಡಿಕೆಗೂ ಬಂದ ಸುಣ್ಣ ಇಲ್ಲಿ ಚಿಪ್ಪು ಸುಟ್ಟು ಮಾಡಿದ್ದು. ಕಡಪ್ಪುರದಲ್ಲಿ, ಅಂದರೆ ಕಡಲ ತೀರದಲ್ಲಿ, ಬಿದ್ದಿರುವ ಅಂಥ ಚಿಪ್ಪಿನ ಮೇಲೆ ವಿನೆಗರ್ ಬಿಟ್ಟರೂ ಗುಳ್ಳೆ ಕಾಣುತ್ತದೆ. ಅಡುಗೆಮನೆಯ ಕಪಾಟಿಗೆ ಹಾಕುವ ಕಪ್ಪು ಕಡಪ ಕಲ್ಲು ಆಂಧ್ರದ ಕಡಪ ಸೀಮೆಯ ಸುಣ್ಣಶಿಲೆ. ಅದರ ಒಡೆದ ಚೂರಿನ ಪುಡಿಯೂ ನೊರೆಯೇಳುತ್ತದೆ, ಪಕ್ಕದ ಕಪ್ಪು ಗ್ರಾನೈಟಿನದು ಏಳುವುದಿಲ್ಲ. ಲಿಂಬೆಹುಳಿ ಚೆಲ್ಲಿದಲ್ಲಿ ಕಡಪ ಕಲ್ಲು ಹೊಳಪುಗೆಟ್ಟು ಮಬ್ಬಾಗುವುದೂ ಇದರಿಂದಲೇ.

ಕೊನೆಯದು ಸಾಪೇಕ್ಷ ಸಾಂದ್ರತೆ, ಅಂದರೆ ಅಷ್ಟೇ ಗಾತ್ರದ ನೀರಿಗಿಂತ ಕಲ್ಲು ಎಷ್ಟು ಪಟ್ಟು ಭಾರ ಎಂಬುದು. ಶಾಲೆಯ ಪ್ರಯೋಗಾಲಯದ ಸ್ಪ್ರಿಂಗ್ ತಕ್ಕಡಿಗೆ ಕಲ್ಲನ್ನು ನೂಲಿನಿಂದ ತೂಗುಹಾಕಿ ಗಾಳಿಯಲ್ಲಿ ಒಮ್ಮೆ, ನೀರಿನಲ್ಲಿ ಪೂರ್ಣ ಮುಳುಗಿಸಿ ಇನ್ನೊಮ್ಮೆ ತೂಕ ನೋಡಬೇಕು. ಗಾಳಿಯ ತೂಕವನ್ನು, ನೀರಿನಲ್ಲಿ ಕಡಿಮೆಯಾದ ತೂಕದಿಂದ ಭಾಗಿಸಿದರೆ ಉತ್ತರ ಸಿಗುತ್ತದೆ. ಗಾಳಿಯಲ್ಲಿ 265 ಗ್ರಾಂ, ನೀರಿನಲ್ಲಿ 165 ಗ್ರಾಂ ತೂಗಿದ ಕಲ್ಲಿನ ಸಾಪೇಕ್ಷ ಸಾಂದ್ರತೆ 2.65, ಇದು ಬೆಣಚಿನ ಸಂಖ್ಯೆ. ಕ್ಯಾಲ್ಸೈಟಿನದು 2.7, ಮ್ಯಾಗ್ನಟೈಟಿನದು 5.2. ಮುರಕಲ್ಲಿನ ಮೇಲೆ ಈ ಪರೀಕ್ಷೆ ಮಾಡಿದರೆ ಸಂಖ್ಯೆ ಕ್ಷಣಕ್ಷಣಕ್ಕೂ ಬದಲಾಗುತ್ತದೆ, ಏಕೆಂದರೆ ಅದರ ತೂತುಗಳಿಂದ ಗಾಳಿಗುಳ್ಳೆಗಳು ಹೊರಡುತ್ತಲೇ ಇರುತ್ತವೆ. ಅದಕ್ಕೆ ಬೇರೆ ಪರೀಕ್ಷೆ ಇದೆ, ಮುಂದೆ ಹೇಳುತ್ತೇನೆ.

ಹಂತ 4: ಮೂರು ಕುಟುಂಬಗಳು

ಖನಿಜಗಳ ಪರಿಚಯವಾದ ಮೇಲೆ ಪಠ್ಯಪುಸ್ತಕದ ಮೂರು ವಿಧಗಳು ತಾವಾಗಿ ಅರ್ಥವಾಗುತ್ತವೆ. ಕರಗಿದ ಶಿಲಾರಸ ತಣಿದು ಗಟ್ಟಿಯಾದದ್ದು ಅಗ್ನಿಶಿಲೆ. ಅದು ನೆಲದಾಳದಲ್ಲಿ ನಿಧಾನವಾಗಿ ತಣಿದರೆ ಹರಳುಗಳು ಬೆಳೆಯಲು ಸಮಯ ಸಿಕ್ಕಿ, ಕಣ್ಣಿಗೆ ಕಾಣುವ ಕಣಗಳುಳ್ಳ ಗ್ರಾನೈಟ್ ಆಗುತ್ತದೆ. ಹೊರಗೆ ಹರಿದು ಬೇಗ ತಣಿದರೆ ಬಸಾಲ್ಟಿನಂತೆ ಕಣಗಳೇ ಕಾಣದ ಕಲ್ಲಾಗುತ್ತದೆ. ಉಪ್ಪುನೀರಿನ ಎರಡು ತಟ್ಟೆಗಳಲ್ಲಿ ಒಂದನ್ನು ಬಿಸಿಲಿಗೂ ಇನ್ನೊಂದನ್ನು ನೆರಳಿಗೂ ಇಟ್ಟು, ನಿಧಾನವಾಗಿ ಆರಿದ ತಟ್ಟೆಯಲ್ಲಿ ದೊಡ್ಡ ಹರಳುಗಳಾಗುವುದನ್ನು ನೋಡಿದರೆ ಸಮಯಕ್ಕೂ ಹರಳಿನ ಗಾತ್ರಕ್ಕೂ ಇರುವ ಸಂಬಂಧ ತಿಳಿಯುತ್ತದೆ. ಬಸಾಲ್ಟನ್ನು ನೋಡಬೇಕಾದರೆ ಸೊಲ್ಲಾಪುರ, ಅಕ್ಕಲಕೋಟೆಗಳ ಕಡೆಗೆ ಹೋಗಬೇಕು. ಅಲ್ಲಿಯ ಕನ್ನಡ ಮಕ್ಕಳು ತುಳಿಯುವ ನೆಲವೇ ಸುಮಾರು 6.6 ಕೋಟಿ ವರ್ಷಗಳ ಹಿಂದಿನ ಲಾವಾ ಹರಿವು, ಆ ಸೀಮೆಯ ಕರಿಮಣ್ಣು ಅದೇ ಕಲ್ಲು ಶಿಥಿಲವಾಗಿ ಆದದ್ದು. ನಮಗೆ ಹತ್ತಿರದ ಜ್ವಾಲಾಮುಖಿ ಶಿಲೆಯೆಂದರೆ ಉಡುಪಿಯ ಮಲ್ಪೆಯಾಚೆಯ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳು. ಅವು ಬಸಾಲ್ಟಿಗಿಂತ ಸಿಲಿಕಾ (ಸಿಲಿಕಾನ್ ಮತ್ತು ಆಮ್ಲಜನಕ ಸೇರಿದ ವಸ್ತು) ಹೆಚ್ಚಿರುವ ಬೇರೆ ಜಾತಿಯವು.

ಮರಳು, ಕೆಸರು, ಚಿಪ್ಪುಗಳು ಪದರ ಪದರವಾಗಿ ಶೇಖರವಾಗಿ ಅಂಟಿಕೊಂಡು ಗಟ್ಟಿಯಾದದ್ದು ಪದರುಶಿಲೆ. ಕಡಪ ಕಲ್ಲು ಈ ಜಾತಿ.

ಆಳದ ಶಾಖ ಮತ್ತು ಒತ್ತಡದಿಂದ, ಕರಗದೆಯೇ ಖನಿಜಗಳು ಮರುಜೋಡಣೆಗೊಂಡದ್ದು ರೂಪಾಂತರ ಶಿಲೆ. ನಮ್ಮ ಜಿಲ್ಲೆಯ ತಳಪಾಯ ಬಹುಮಟ್ಟಿಗೆ ಇದೇ. ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿ ಸುಳ್ಯ ದಾಟಿ ಬರುವ ಪಯಸ್ವಿನಿಯ ಪಾತ್ರದಲ್ಲಿ ಬಿಳಿ ಮತ್ತು ಕಪ್ಪು ಪಟ್ಟೆಗಳಿರುವ ಉರುಟು ಕಲ್ಲುಗಳು ಸಿಗುತ್ತವೆ. ಇದು ನೈಸ್ ಶಿಲೆ: ತಿಳಿ ಪಟ್ಟೆಯಲ್ಲಿ ಬೆಣಚು ಮತ್ತು ಫೆಲ್ಡ್‌ಸ್ಪಾರ್, ಕಪ್ಪು ಪಟ್ಟೆಯಲ್ಲಿ ಅಭ್ರಕ ಮತ್ತು ಹಾರ್ನ್‌ಬ್ಲೆಂಡ್. ಬೆಂಗಳೂರಿನ ಲಾಲ್‌ಬಾಗ್ ಬಂಡೆಯೂ ನೈಸ್ ಶಿಲೆಯೇ. ಸುಮಾರು 300 ಕೋಟಿ ವರ್ಷ ಹಳೆಯದಾದ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಲಾಗಿದೆ. ಪಟ್ಟೆಗಳಿಲ್ಲದ, ಎಣ್ಣೆ ಸವರಿದಂತೆ ಮಿನುಗುವ, ಹಸಿರು ಛಾಯೆಯ ಕಪ್ಪು ಕಲ್ಲು ಸಿಕ್ಕರೆ ಅದು ಚಾರ್ನೊಕೈಟ್ ಇರಬಹುದು. ಕೇರಳದಲ್ಲಿಯೂ ಕೊಡಗಿನಲ್ಲಿಯೂ ಇದು ಹೇರಳ. ಕಲ್ಕತ್ತೆಯಲ್ಲಿ ಜಾಬ್ ಚಾರ್ನಾಕ್ ಎಂಬ ಆಂಗ್ಲ ವರ್ತಕನ ಗೋರಿಗೆ ಹಾಕಿದ ಕಲ್ಲು ಇದೇ ಜಾತಿಯದೆಂದು ಕಂಡುಕೊಂಡ ಥಾಮಸ್ ಹಾಲೆಂಡ್ ಎಂಬ ಭೂವಿಜ್ಞಾನಿ 1893ರಲ್ಲಿ ಆತನ ಹೆಸರನ್ನೇ ಇದಕ್ಕೆ ಇಟ್ಟರು.

ಅಂಗಡಿಯ ಮಾತಿಗೂ ಭೂವಿಜ್ಞಾನದ ಮಾತಿಗೂ ಅಂತರವಿದೆ ಎಂಬುದನ್ನು ಇಲ್ಲಿಯೇ ತಿಳಿದುಕೊಳ್ಳುವುದು ಲೇಸು. ಹೊಳಪು ಹಾಕಿದ ಗಟ್ಟಿ ಕಲ್ಲನ್ನೆಲ್ಲ ವ್ಯಾಪಾರದಲ್ಲಿ ಗ್ರಾನೈಟ್ ಎನ್ನುತ್ತಾರೆ. ಕೃಷ್ಣಗಿರಿ ಕಡೆಯ ಬಣ್ಣದ ಅಲೆಗಳಿರುವ ಗ್ರಾನೈಟುಗಳಲ್ಲಿ ಹಲವು ನೈಸ್ ಜಾತಿಯವು, ಕಡುಗಪ್ಪು ಗ್ರಾನೈಟುಗಳು ಬಹುತೇಕ ಡಾಲರೈಟ್ ಎಂಬ ಬೇರೆಯೇ ಅಗ್ನಿಶಿಲೆ.

ಹಂತ 5: ಮುರಕಲ್ಲನ್ನು ಓದುವುದು

ಈಗ ಮೊದಲ ಪ್ರಶ್ನೆಗೆ ಬರಬಹುದು. ಮುರಕಲ್ಲು, ಅಂದರೆ ಲ್ಯಾಟರೈಟ್, ಶಿಲಾರಸದಿಂದ ಹುಟ್ಟಿದ್ದಲ್ಲ, ಪದರವಾಗಿ ಕೂತದ್ದಲ್ಲ, ಆಳದಲ್ಲಿ ಬೆಂದದ್ದೂ ಅಲ್ಲ. ಇದ್ದ ಶಿಲೆ ಇದ್ದಲ್ಲಿಯೇ ಶಿಥಿಲವಾಗಿ, ಕರಗುವುದೆಲ್ಲ ಕರಗಿ ಹೋದ ಮೇಲೆ ಉಳಿದ ಶೇಷ ಅದು. 1800–01ರಲ್ಲಿ ಮೈಸೂರು, ಕೆನರಾ, ಮಲಬಾರ್ ಪ್ರಾಂತ್ಯಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, ಇಂದಿನ ಮಲಪ್ಪುರಂ ಜಿಲ್ಲೆಯ ಅಂಗಾಡಿಪ್ಪುರಂನಲ್ಲಿ ಕಂಡ ಈ ಕಲ್ಲನ್ನು ವಿವರಿಸಿ 1807ರ ತನ್ನ ಪ್ರವಾಸ ವರದಿಯಲ್ಲಿ ಲ್ಯಾಟರೈಟ್ ಎಂಬ ಹೆಸರು ಕೊಟ್ಟನು. ಅಂದರೆ ಜಗತ್ತಿನ ಭೂವಿಜ್ಞಾನಕ್ಕೆ ಈ ಶಿಲೆಯ ಪರಿಚಯವಾದದ್ದೇ ನಮ್ಮ ಕರಾವಳಿಯಿಂದ.

ಅದು ಆಗುವ ಬಗೆಯನ್ನು ಖನಿಜಗಳ ಮೂಲಕವೇ ತಿಳಿಯಬೇಕು. ಮಳೆಯ ನೀರು ಗಾಳಿಯ ಮತ್ತು ಮಣ್ಣಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಸೌಮ್ಯ ಆಮ್ಲವಾಗಿ ನೆಲಕ್ಕೆ ಇಳಿಯುತ್ತದೆ. ಅದು ಫೆಲ್ಡ್‌ಸ್ಪಾರನ್ನು ಹಿಡಿಯುತ್ತದೆ: ಸೋಡಿಯಂ, ಪೊಟಾಸಿಯಂ, ಕ್ಯಾಲ್ಸಿಯಂಗಳು ನೀರಿನಲ್ಲಿ ಕರಗಿ ಹೊಳೆ ಸೇರುತ್ತವೆ, ಸಿಲಿಕಾದ ಒಂದು ಪಾಲೂ ಹೋಗುತ್ತದೆ, ಉಳಿದದ್ದು ಕೆಯೋಲಿನ್ ಎಂಬ ಬಿಳಿ ಜೇಡಿ. ಕಪ್ಪು ಖನಿಜಗಳಾದ ಅಭ್ರಕ ಮತ್ತು ಹಾರ್ನ್‌ಬ್ಲೆಂಡ್ ಒಡೆದಾಗ ಅವುಗಳಲ್ಲಿದ್ದ ಕಬ್ಬಿಣ ಹೊರಬಂದು, ಆಮ್ಲಜನಕದೊಡನೆ ಸೇರಿ, ನೀರಿಗೆ ಕರಗದ ಗೋಥೈಟ್ ಮತ್ತು ಹೆಮಟೈಟ್ ಆಗಿ ಅಲ್ಲಿಯೇ ಕೂರುತ್ತದೆ. ಮಳೆ ಸುರಿಯುತ್ತಲೇ ಇದ್ದರೆ ಜೇಡಿಯಲ್ಲಿ ಉಳಿದಿದ್ದ ಸಿಲಿಕಾ ಕೂಡ ಜಾರಿಹೋಗಿ, ಅಲ್ಯೂಮಿನಿಯಂ ಪ್ರಧಾನವಾದ ಗಿಬ್ಸೈಟ್ ಉಳಿಯುತ್ತದೆ. ಇದು ಹೆಚ್ಚಾಗಿ ಸೇರಿದ ಕಲ್ಲೇ ಬಾಕ್ಸೈಟ್. ಕಾಞಂಗಾಡು ಮತ್ತು ನೀಲೇಶ್ವರದ ಕಡೆ ಬಾಕ್ಸೈಟ್ ನಿಕ್ಷೇಪಗಳಿರುವುದು ಈ ಕಾರಣದಿಂದ. ಬೆಣಚು ಮಾತ್ರ ಈ ಸವೆತಕ್ಕೆ ಬೇಗ ಜಗ್ಗದು; ಮುರಕಲ್ಲಿನೊಳಗೆ ಅಲ್ಲಲ್ಲಿ ಗಾಜಿನಂಥ ಬಿಳಿ ಕಣಗಳು ಕಂಡರೆ ಅದು ಮೂಲ ಶಿಲೆಯ ಸಾಕ್ಷಿ. ಇಷ್ಟೆಲ್ಲ ಆಗಲು ಬಿಸಿ ಹವೆ, ಭಾರೀ ಮಳೆ, ಮಳೆಯ ಹಿಂದೆಯೇ ದೀರ್ಘವಾದ ಒಣ ಕಾಲ ಮತ್ತು ಲಕ್ಷಾಂತರ ವರ್ಷಗಳ ಅವಧಿ ಬೇಕು. ಮಳೆಗಾಲದಲ್ಲಿ ಏರಿ ಬೇಸಿಗೆಯಲ್ಲಿ ಇಳಿಯುವ ಅಂತರ್ಜಲದ ಜೊತೆಗೆ ಕಬ್ಬಿಣವೂ ಮೇಲೆ ಕೆಳಗೆ ಸರಿದಾಡಿ, ಕೆಲವೆಡೆ ದಟ್ಟವಾಗಿ ಕೆಲವೆಡೆ ವಿರಳವಾಗಿ ಕೂರುವುದರಿಂದ ಕಲ್ಲಿಗೆ ಆ ತೂತುತೂತಾದ ಮೈ ಬರುತ್ತದೆ.

ಇದನ್ನು ಕಣ್ಣಾರೆ ಓದಲು ಹೊಸದಾಗಿ ತೋಡುತ್ತಿರುವ ಬಾವಿ ಅಥವಾ ರಸ್ತೆಗಾಗಿ ಕಡಿದ ಗುಡ್ಡದ ಬದಿ ಅತ್ಯುತ್ತಮ ಸ್ಥಳ. ಸುರಕ್ಷಿತ ದೂರದಲ್ಲಿ ನಿಂತು ಮೇಲಿನಿಂದ ಕೆಳಕ್ಕೆ ಚಿತ್ರ ಬರೆಯಿರಿ. ಎಲ್ಲಕ್ಕಿಂತ ಮೇಲೆ ತೆಳ್ಳಗೆ ಮಣ್ಣು, ಬರಿಗಲ್ಲಿನ ಪಾರೆಯ ಮೇಲಾದರೆ ಅದೂ ಇಲ್ಲ. ಅದರ ಕೆಳಗೆ ಕಡುಕೆಂಪು ಗಟ್ಟಿ ಮುರಕಲ್ಲು. ಇನ್ನೂ ಕೆಳಗೆ ಕೆಂಪು, ಹಳದಿ, ಬಿಳಿ ಮಚ್ಚೆಗಳು ಕಲೆಸಿಕೊಂಡಿರುವ ಮೆದು ಭಾಗ. ಆಮೇಲೆ ಬಿಳಿ ಅಥವಾ ನಸುಗೆಂಪು ಜೇಡಿಯಾದ ಶೇಡಿ ಮಣ್ಣು, ಒದ್ದೆಯಾದಾಗ ಬೆರಳಿಗೆ ಸಾಬೂನಿನಂತೆ ಜಾರುವಂಥದ್ದು. ತಳದಲ್ಲಿ ಅರೆ ಕೊಳೆತ ಶಿಲೆ, ಕೊನೆಗೆ ಗುದ್ದಲಿಗೆ ಬಗ್ಗದ ಕಗ್ಗಲ್ಲು. ಅರೆ ಕೊಳೆತ ಶಿಲೆಯ ಭಾಗದಲ್ಲಿ ಮೂಲ ನೈಸ್ ಶಿಲೆಯ ಪಟ್ಟೆಗಳು ಹಾಗೆಯೇ ಉಳಿದಿರುತ್ತವೆ, ಆದರೆ ಮುಟ್ಟಿದರೆ ಪುಡಿಯಾಗುತ್ತದೆ. ಒಂದೇ ಬಾವಿಯ ಗೋಡೆಯಲ್ಲಿ ಕಲ್ಲು ಕೊಳೆತು ಇನ್ನೊಂದು ಕಲ್ಲಾಗುವ ಕಥೆ ತಳದಿಂದ ಮೇಲಕ್ಕೆ ಬರೆದಿದೆ. ತೂತುಗಳ ಮುರಕಲ್ಲು ನೀರನ್ನು ಒಳಬಿಡುತ್ತದೆ, ಕೆಳಗಿನ ಶೇಡಿ ಅದನ್ನು ಸುಲಭವಾಗಿ ಇಳಿಯಗೊಡುವುದಿಲ್ಲ. ಬಾಯಾರು, ಪೈವಳಿಕೆ, ಎಣ್ಮಕಜೆಯ ಕಡೆಗಳಲ್ಲಿ ಗುಡ್ಡಕ್ಕೆ ಅಡ್ಡಲಾಗಿ ಸುರಂಗ ಕೊರೆದು ನೀರು ತರುವ ಹಿರಿಯರ ಉಪಾಯ ನಿಂತಿರುವುದು ಈ ವ್ಯತ್ಯಾಸದ ಮೇಲೆಯೇ. ಕಲ್ಲು ಬದಲಾದಾಗ ಗುದ್ದಲಿಯ ಸದ್ದು ಬದಲಾಗುವುದನ್ನು ಕೇಳಿಯೇ ಮುಂದುವರಿಯಬೇಕೋ ತಿರುಗಬೇಕೋ ಎಂದು ನಿರ್ಧರಿಸುವ ಸುರಂಗ ಕೆಲಸಗಾರರು ಇನ್ನೂ ಇದ್ದಾರೆ; ಅಂಥವರೊಬ್ಬರನ್ನು ಶಾಲೆಗೆ ಕರೆದು ಮಾತನಾಡಿಸಿದರೆ ಒಂದು ಅಧ್ಯಾಯ ಓದಿದ್ದಕ್ಕಿಂತ ಹೆಚ್ಚು ತಿಳಿಯುತ್ತದೆ ಎಂಬುದು ನನ್ನ ಅಭಿಪ್ರಾಯ.

ಮುರಕಲ್ಲಿನ ಎರಡು ಗುಣಗಳನ್ನು ಪರೀಕ್ಷಿಸಿ ನೋಡಬಹುದು. ನೆಲದೊಳಗೆ ತೇವದಲ್ಲಿದ್ದಾಗ ಕಡಿಯಲು ಸುಲಭವಾಗಿರುವ ಕಲ್ಲು ಗಾಳಿ ಬಿಸಿಲಿಗೆ ಒಡ್ಡಿಕೊಂಡ ಮೇಲೆ ಗಟ್ಟಿಯಾಗುತ್ತದೆ. ನೀರು ಆರಿ ಕಬ್ಬಿಣದ ಖನಿಜಗಳು ಬಿಗಿಯಾಗಿ ಹರಳುಗಟ್ಟುವುದು ಇದಕ್ಕೆ ಕಾರಣ. ಕೋರೆಯಿಂದ ಆಗಷ್ಟೇ ಬಂದ ಕಲ್ಲನ್ನೂ ಒಂದು ಬೇಸಿಗೆ ಕಳೆದ ಕಲ್ಲನ್ನೂ ಅದೇ ಮೊಳೆಯಿಂದ ಗೀರಿ ಆಳವನ್ನು ಹೋಲಿಸಿರಿ. ಎರಡನೆಯದು ನೀರು ಹೀರುವ ಪ್ರಮಾಣ. ಒಣ ತುಂಡನ್ನು ತೂಗಿ, ಒಂದು ಹಗಲು ಒಂದು ರಾತ್ರಿ ನೀರಿನಲ್ಲಿ ಮುಳುಗಿಸಿಟ್ಟು, ಮೇಲ್ಮೈ ಒರೆಸಿ ಮತ್ತೆ ತೂಗಬೇಕು. ಹೆಚ್ಚಾದ ತೂಕವನ್ನು ಒಣ ತೂಕದಿಂದ ಭಾಗಿಸಿ ನೂರರಿಂದ ಗುಣಿಸಿದರೆ ಶೇಕಡಾವಾರು ಸಿಗುತ್ತದೆ. ಜಲ್ಲಿಯ ತುಂಡಿನದು ಸಾಮಾನ್ಯವಾಗಿ ಒಂದಕ್ಕಿಂತ ಕಡಿಮೆ. ನಿಮ್ಮೂರಿನ ಮುರಕಲ್ಲಿನದು ಎಷ್ಟೆಂದು ನೀವೇ ಕಂಡುಹಿಡಿಯಿರಿ, ಕೋರೆಯಿಂದ ಕೋರೆಗೆ ಅದು ಬೇರೆಯಾಗುತ್ತದೆ.

ಹಂತ 6: ಒಂದು ಹಿಡಿ ಮರಳು

ಹೊಳೆಯಿಂದ ಒಂದು ಹಿಡಿ, ಕಡಲ ತೀರದಿಂದ ಒಂದು ಹಿಡಿ ಮರಳು ತಂದು ತೊಳೆದು ಒಣಗಿಸಿ, ಬಿಳಿ ಕಾಗದದ ಮೇಲೆ ತೆಳ್ಳಗೆ ಹರಡಿ ಮಸೂರದಿಂದ ನೋಡಬೇಕು. ಬಹುಪಾಲು ಬೆಣಚೇ ಇರುತ್ತದೆ, ಫೆಲ್ಡ್‌ಸ್ಪಾರ್ ದಾರಿಯಲ್ಲಿಯೇ ಕೊಳೆತು ಜೇಡಿಯಾಗಿರುತ್ತದೆ. ಅಯಸ್ಕಾಂತವನ್ನು ಪ್ಲಾಸ್ಟಿಕ್ ಚೀಲದೊಳಗೆ ಹಾಕಿಯೇ ಮರಳಿನ ಮೇಲೆ ಆಡಿಸಬೇಕು, ಇಲ್ಲದಿದ್ದರೆ ಅಂಟಿದ ಪುಡಿ ಮತ್ತೆ ಬಿಡಿಸಲಾಗದು. ಹೀಗೆ ಅಂಟುವ ಕಪ್ಪು ಕಣಗಳು ಮುಖ್ಯವಾಗಿ ಮ್ಯಾಗ್ನಟೈಟ್. ಅಲೆ ಹಿಂದಕ್ಕೆ ಸರಿಯುವಾಗ ಹಗುರ ಬೆಣಚನ್ನು ಸೆಳೆದೊಯ್ದು ಭಾರದ ಕಣಗಳನ್ನು ಬಿಟ್ಟು ಹೋಗುವುದರಿಂದ ತೀರದಲ್ಲಿ ಕಪ್ಪು ಗೆರೆಗಳು ಮೂಡುತ್ತವೆ. ಕೊಲ್ಲಂ ಜಿಲ್ಲೆಯ ಚವರದಲ್ಲಿ ಇದೇ ಕ್ರಿಯೆಯಿಂದ ಇಲ್ಮನೈಟ್, ಜಿರ್ಕಾನ್, ಮೋನಜೈಟ್ ಎಂಬ ಭಾರದ ಖನಿಜಗಳು ಗಣಿಗಾರಿಕೆ ನಡೆಸುವಷ್ಟು ಶೇಖರವಾಗಿವೆ. ಕಡಲ ಮರಳನ್ನು ತೂಗಿ, ಗುಳ್ಳೆ ನಿಲ್ಲುವವರೆಗೆ ವಿನೆಗರಿನಲ್ಲಿ ಇಟ್ಟು, ತೊಳೆದು ಒಣಗಿಸಿ ಪುನಃ ತೂಗಿದರೆ ಕಡಿಮೆಯಾದ ತೂಕ ಚಿಪ್ಪಿನ ಪಾಲನ್ನು ತಿಳಿಸುತ್ತದೆ.

ಹಂತ 7: ಸಂಗ್ರಹ ಮತ್ತು ದಾಖಲೆ

ಸಂಗ್ರಹದ ಬೆಲೆ ಕಲ್ಲಿನ ಅಂದದಲ್ಲಿಲ್ಲ, ಅದರ ಚೀಟಿಯಲ್ಲಿದೆ. ಕೈಮುಷ್ಟಿಯ ಗಾತ್ರದ ತುಂಡು ಸಾಕು. ಒಂದು ಮೂಲೆಗೆ ವೈಟ್ನರ್ ಹಚ್ಚಿ, ಒಣಗಿದ ಮೇಲೆ ಅದರ ಮೇಲೆ ಸಂಖ್ಯೆ ಬರೆದು, ಅದೇ ಸಂಖ್ಯೆಯ ಎದುರು ನೋಟು ಪುಸ್ತಕದಲ್ಲಿ ದಿನಾಂಕ, ಊರು, ನಿರ್ದಿಷ್ಟ ಜಾಗ, ಕಲ್ಲು ಬಂಡೆಯಿಂದಲೇ ಒಡೆದದ್ದೋ ಬಿಡಿಯಾಗಿ ಬಿದ್ದದ್ದೋ ಎಂಬುದು, ಮತ್ತು ಪ್ರತಿಯೊಂದು ಪರೀಕ್ಷೆಯ ಫಲಿತಾಂಶವನ್ನು ಬರೆಯಬೇಕು. ಬಿಡಿಗಲ್ಲು ಎಲ್ಲಿಂದ ಉರುಳಿ ಬಂದದ್ದೋ ಹೇಳಲಾಗದ ಕಾರಣ ಈ ವಿವರ ಅತ್ಯಗತ್ಯ. ಜಲ್ಲಿಯ ತುಂಡುಗಳು ಖನಿಜ ಕಲಿಯಲು ಒಳ್ಳೆಯವು. ಆದರೆ ಲಾರಿ ಯಾವ ಕೋರೆಯಿಂದ ತಂದಿತೋ ತಿಳಿಯದಿದ್ದರೆ ಅವನ್ನು ನಿಮ್ಮೂರಿನ ಶಿಲೆಯೆಂದು ಚೀಟಿ ಅಂಟಿಸಬಾರದು. ಒಡೆದ ಹೊಸ ಮುಖ ಒಂದು ಮತ್ತು ಮಳೆಬಿಸಿಲು ಕಂಡ ಹಳೆಯ ಮುಖ ಒಂದು, ಎರಡೂ ಇರುವ ತುಂಡನ್ನು ಆರಿಸಿಕೊಳ್ಳಿ.

ಶಾಲಾ ಶಾಸ್ತ್ರೋತ್ಸವಕ್ಕೆ, ಅಂದರೆ ವಿಜ್ಞಾನ ಮೇಳಕ್ಕೆ, ಒಯ್ಯುವುದಾದರೆ ಹೊಳೆಯುವ ಕಲ್ಲುಗಳನ್ನು ಥರ್ಮಾಕೋಲಿನ ಮೇಲೆ ಸಾಲಾಗಿ ಅಂಟಿಸುವ ರೂಢಿಯನ್ನು ಬಿಟ್ಟು, ಒಂದೇ ಬಾವಿಯಿಂದ ಕ್ರಮವಾಗಿ ತೆಗೆದ ಆರು ಮಾದರಿಗಳನ್ನು ಉದ್ದನೆಯ ಹಲಗೆಯ ಮೇಲೆ ಆಳದ ಅಳತೆಯ ಸಹಿತ ಮೇಲಿನಿಂದ ಕೆಳಕ್ಕೆ ಜೋಡಿಸಿರಿ: ಮಣ್ಣು, ಮುರಕಲ್ಲು, ಮಚ್ಚೆಯ ಪದರ, ಶೇಡಿ, ಅರೆ ಕೊಳೆತ ಶಿಲೆ, ಕಗ್ಗಲ್ಲು. ಪ್ರತಿಯೊಂದರ ಪಕ್ಕದಲ್ಲಿ ಟೈಲ್ಸ್‌ನ ಮೇಲೆ ಎಳೆದ ಅದರ ಗೆರೆಯನ್ನೂ, ನೀರು ಹೀರಿದ ಶೇಕಡಾವಾರನ್ನೂ ಇಡಿ. ಶೇಡಿ ನೀರಿನಲ್ಲಿ ಕದಡಿಹೋಗುವುದರಿಂದ ಅದಕ್ಕೂ ಮಣ್ಣಿಗೂ ಈ ಕೊನೆಯ ಪರೀಕ್ಷೆ ಬೇಡ. ಯಾವುದಾದರೂ ಮಾದರಿಯ ಹೆಸರು ಖಚಿತವಾಗದಿದ್ದರೆ ಚೀಟಿಯಲ್ಲಿ ಹೆಸರಿನ ಜಾಗವನ್ನು ಖಾಲಿ ಬಿಟ್ಟು, ಗಡಸುತನ, ಗೆರೆಯ ಬಣ್ಣ ಮತ್ತು ಸಾಂದ್ರತೆಯನ್ನಷ್ಟೇ ನಮೂದಿಸಿರಿ. ಹೆಸರನ್ನು ಮುಂದೆ ತಿಳಿದವರು ನೋಡಿ ತುಂಬಬಹುದು, ಅಳತೆಯನ್ನು ಮಾತ್ರ ಆ ದಿನವೇ ಬರೆದಿರಬೇಕು.